ಮೀಡಿಯಂ ಸೈಜಿನ ಮೈ

ಕಂಪನಿಯಲ್ಲಿ ಅವಳನ್ನು ಎಲ್ಲರೂ ಮೀಡಿಯಂ ಎಂದೇ ಕರೆಯುತ್ತಿದ್ದರು. ‘ಮೀಡಿಯಂ ಬಂದ್ಲಾ?’, ‘ಮೀಡಿಯಂ ಇವತ್ತು ಯಾಕೋ ಸಪ್ಪಗಿದ್ದಾಳೆ’, ‘ಮೀಡಿಯಂಗೆ ಸೋಡಾ ಕೊಡಬೇಡ್ರೋ, ಹೊಟ್ಟೆ ಉಬ್ಬಿದ್ರೆ ನಮ್ಮ ಪ್ಯಾಂಟು ಕೆಡುತ್ತೆ!’ ಹೆತ್ತವರು ಆಸೆಪಟ್ಟು ಇಟ್ಟ ಹೆಸರು ಅಲ್ಲಿ ಯಾರ ಬಾಯಲ್ಲೂ ಬರುತ್ತಿರಲಿಲ್ಲ. ಇದು ಗೊತ್ತಾದ ದಿನ ಅವಳ ಅಮ್ಮ, ‘ಏನೇ ಅದು, ಬನಿಯನ್ ಹಿಂದೆ ಚೀಟಿ ಅಂಟಿಸಿದ ಹಾಗೆ!’ ಎಂದು ಮೂಗು ಮುರಿದಿದ್ದರು.

ಆದರೆ ಆ ಹೆಸರಿನಲ್ಲಿ ಸುಳ್ಳೇನೂ ಇರಲಿಲ್ಲ. ಕಂಪನಿ ಹೆಂಗಸರಿಗಾಗಿ ಹೊಲಿಸುವ ಅಂಗಿ, ಲಂಗ, ಪ್ಯಾಂಟು, ಕೋಟು ಎಲ್ಲವೂ ಮೊದಲು ಅವಳ ಮೈಮೇಲೆ ಬಂದು ಕೂರಬೇಕಿತ್ತು. ಅವಳಿಗೆ ಸರಿಹೋದದ್ದೇ ಮೀಡಿಯಂ. ಅದರಿಂದ ಒಂದಿಷ್ಟು ಕಳೆದರೆ ಸ್ಮಾಲು, ಒಂದಿಷ್ಟು ಕೂಡಿಸಿದರೆ ಲಾರ್ಜು. ಅವಳ ಅಳತೆ ತಪ್ಪಿದರೆ ಅಷ್ಟೂ ಸೈಜುಗಳು ತಪ್ಪಿದ ಹಾಗೆ. ಇಂಥ ಕೆಲಸ ಒಂದಿದೆಯೆಂದು ಬಟ್ಟೆ ಕೊಳ್ಳುವ ನಮಗೆ ನಿಮಗೆ ಗೊತ್ತಿರುವುದಿಲ್ಲ. ಟ್ರಯಲ್ ರೂಮಿನಲ್ಲಿ ಗುಂಡಿ ಸರಿಯಾಗಿ ಬಿದ್ದರೆ ನಮ್ಮ ಮೈಕಟ್ಟಿನ ಬಗ್ಗೆ ನಾವೇ ಬೀಗುತ್ತೇವೆ.

ಮೀಡಿಯಂ ಆಗಬೇಕೆಂದು ಯಾರೂ ಕನಸು ಕಾಣುವುದಿಲ್ಲ, ಅವಳೂ ಕಂಡಿರಲಿಲ್ಲ. ಶಾಲೆಯ ಫೋಟೋಗಳಲ್ಲಿ ಸದಾ ಹಿಂದಿನ ಸಾಲಿಗೆ ಹೋಗಬೇಕಾದಷ್ಟು ಎತ್ತರ, ನೆಟ್ಟಗಿನ ಬೆನ್ನು. ‘ಇವಳು ಮಾಡೆಲ್ ಆಗ್ಬೇಕು ಕಣ್ರೀ’ ಎಂದು ಅಕ್ಕಪಕ್ಕದವರು ಬಾಯಿಮಾತಿಗೆ ಅಂದದ್ದನ್ನು ಹುಡುಗಿ ಮನಸ್ಸಿಗೆ ಹಚ್ಚಿಕೊಂಡಳು. ಚಿಕ್ಕಪ್ಪನನ್ನು ಕಾಡಿ ಬೇಡಿ ಒಳ್ಳೆಯ ಸ್ಟುಡಿಯೋದಲ್ಲಿ ಫೋಟೋ ತೆಗೆಸಿಕೊಂಡಳು. ಎತ್ತರದ ಹಿಮ್ಮಡಿಯ ಚಪ್ಪಲಿ ಹಾಕಿಕೊಂಡು ತಾರಸಿಯ ಮೇಲೆ ನಡೆದು ನಡೆದು ಅಭ್ಯಾಸ ಮಾಡಿದಳು. ಕೆಳಗಿನ ಮನೆಯವರು ‘ಮೇಲೆ ಏನು ಕುಟ್ತಾ ಇದ್ದೀರಿ?’ ಎಂದು ಕೇಳಿಕೊಂಡು ಬಂದರು. ಆಮೇಲೆ ಶುರುವಾಯಿತು ನೋಡಿ, ಸಾಲಿನಲ್ಲಿ ನಿಲ್ಲುವ ಕೆಲಸ. ಗಾಜಿನ ಬಾಗಿಲಿನ ಆಫೀಸುಗಳ ಮೆಟ್ಟಿಲ ಮೇಲೆ, ತನ್ನಷ್ಟೇ ಎತ್ತರದ, ತನಗಿಂತ ಚೆಂದದ ಹುಡುಗಿಯರ ನಡುವೆ. ಒಳಗೆ ಕರೆದರೆ ನಾಲ್ಕು ಹೆಜ್ಜೆ ನಡೆಸಿ, ಒಮ್ಮೆ ತಿರುಗಿಸಿ, ‘ಆಯ್ತು, ಹೇಳಿ ಕಳಿಸ್ತೀವಿ’ ಎನ್ನುತ್ತಿದ್ದರು. ಹಾಗೆ ಹೇಳಿ ಕಳಿಸಿದ ಸುದ್ದಿ ಇವತ್ತಿಗೂ ಯಾರ ಮನೆ ಬಾಗಿಲಿಗೂ ಬಂದದ್ದಿಲ್ಲ.

ಕೊನೆಗೆ ಮಾಡೆಲುಗಳನ್ನು ಆರಿಸುವ ಒಬ್ಬ ಹೆಂಗಸು ಅವಳ ಫೋಟೋಗಳನ್ನು ತಿರುವಿ ಹಾಕಿ ಸತ್ಯ ಹೇಳಿಬಿಟ್ಟಳು. ‘ಮುಖ ಚೆನ್ನಾಗಿದೆ, ಆದ್ರೆ ನೋಡಿದ ತಕ್ಷಣ ಮರೆತುಹೋಗುತ್ತೆ. ಬೇಜಾರು ಮಾಡ್ಕೋಬೇಡ. ಮೈ ಮಾತ್ರ ಅಳತೆ ಹಾಕಿ ಮಾಡಿಸಿದ ಹಾಗಿದೆ. ಮುಖ ಬೇಡದ ಕೆಲಸ ಒಂದಿದೆ, ಮಾಡ್ತೀಯಾ?’ ಹುಡುಗಿ ಮನೆಗೆ ಬಂದು ದಿಂಬಿನಲ್ಲಿ ಮುಖ ಹುದುಗಿಸಿ ಅತ್ತಳು. ಅತ್ತು ಮುಗಿದ ಮೇಲೆ ಕೆಲಸಕ್ಕೆ ಸೇರಿದಳು.

ಆ ಕೆಲಸದ ಕೋಣೆಯಲ್ಲಿ ಮೂರು ಕಡೆ ಕನ್ನಡಿ, ಮಧ್ಯೆ ಒಂದು ಗಿಡ್ಡ ಮರದ ಹಲಗೆಯ ಕಟ್ಟೆ, ಒಂದು ಬದಿಗೆ ಕಂದು ಕಾಗದ ಹರಡಿದ ಉದ್ದನೆಯ ಮೇಜು. ಮೈಬಣ್ಣದ ಬಿಗಿಯಾದ ಒಳ ಅಂಗಿ ತೊಟ್ಟು ಅವಳು ಕಟ್ಟೆ ಹತ್ತಿ ನಿಂತರೆ ಒಂದಾದ ಮೇಲೊಂದು ಉಡುಪು ಹಾಕುತ್ತಿದ್ದರು, ಬಿಚ್ಚುತ್ತಿದ್ದರು. ಡಿಸೈನರುಗಳು ಅವಳು ಅಲ್ಲಿ ಇಲ್ಲವೇನೋ ಎಂಬಂತೆ ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತಿದ್ದರು. ‘ಇಲ್ಲಿ ಹಿಂಭಾಗ ಜೋತುಬಿದ್ದಿದೆಯಲ್ಲ?’ ಎನ್ನುತ್ತಿದ್ದರು. ಅದು ಬಟ್ಟೆಯ ಹಿಂಭಾಗವೋ ಅವಳದ್ದೋ ಎಂದು ಮೊದಮೊದಲು ಅವಳಿಗೆ ಗೊತ್ತಾಗುತ್ತಿರಲಿಲ್ಲ. ಜಾಹೀರಾತಿನಲ್ಲಿ ಅವೇ ಉಡುಪುಗಳನ್ನು ಬೇರೆ ಹುಡುಗಿಯರು ತೊಡುತ್ತಿದ್ದರು. ಅವರು ಅವಳಿಗಿಂತ ಎಷ್ಟೋ ತೆಳ್ಳಗಿರುತ್ತಿದ್ದರಿಂದ ಬೆನ್ನ ಹಿಂದೆ ಬಟ್ಟೆಯನ್ನು ಕ್ಲಿಪ್ಪು ಹಾಕಿ ಹಿಡಿದು ಫೋಟೋ ತೆಗೆಯುತ್ತಿದ್ದರು.

ಆ ಕೋಣೆಯಲ್ಲಿ ಅವಳನ್ನು ಮನುಷ್ಯಳೆಂದು ಮಾತಾಡಿಸುತ್ತಿದ್ದವರು ಮಾಸ್ಟರು ಒಬ್ಬರೇ. ಕಾಗದದ ಮೇಲೆ ಉಡುಪಿನ ಪ್ಯಾಟರ್ನ್, ಅಂದರೆ ಅಳತೆಯ ಅಚ್ಚು, ಕತ್ತರಿಸುವ ಹಿರಿಯ ಅವರು. ನಾಲ್ಕು ಹೆಣ್ಣುಮಕ್ಕಳ ತಂದೆ. ಕತ್ತಿನಲ್ಲಿ ಟೇಪು, ಬಾಯಲ್ಲಿ ಗುಂಡುಸೂಜಿ, ಆ ಸೂಜಿಗಳ ನಡುವಿನಿಂದಲೇ ‘ಎಲ್ಲಿ ಹಿಡಿಯುತ್ತೆ ಹೇಳಮ್ಮ’ ಎನ್ನುವರು. ‘ಮರದ ಗೊಂಬೆಗೂ ಬಟ್ಟೆ ಹಾಕಬಹುದು ಕಣಮ್ಮ. ಗೊಂಬೆ ಬಾಯಿ ಬಿಟ್ಟು ಹೇಳುತ್ತಾ? ನೀನು ಹೇಳಬೇಕು. ಅದಕ್ಕೇ ನಿನಗೆ ಸಂಬಳ.’ ಅವಳು ಹೇಳಲು ಕಲಿತಳು. ಕೈ ಎತ್ತಿ, ಬಗ್ಗಿ, ಕುರ್ಚಿಯ ಮೇಲೆ ಕೂತು ಎದ್ದು, ‘ಕಂಕುಳಲ್ಲಿ ಒಂಚೂರು ಕಚ್ಚುತ್ತೆ ಮಾಸ್ಟ್ರೇ’, ‘ಕೂತರೆ ಸೊಂಟದ ಹಿಂದೆ ಬಾಯಿ ಬಿಡುತ್ತೆ’ ಎನ್ನುವಳು. ಮಾಸ್ಟರು ಕೂದಲೆಳೆಯಷ್ಟು ಸರಿಸಿ ಸೀಮೆಸುಣ್ಣದ ಗೆರೆ ಎಳೆಯುವರು. ಡಿಸೈನರು ಎದುರಾಡಿದರೆ ‘ಅವಳ ಮೈ ಹೇಳ್ತಾ ಇದೆ, ನೀವು ಸುಮ್ಮನಿರಿ’ ಎಂದುಬಿಡುವರು.

ಹಾಗೆ ಹೇಳಿಸಿಕೊಂಡಾಗ ಅವಳಿಗೆ ಆಗುತ್ತಿದ್ದ ಖುಷಿ ಎಂಥದ್ದೆಂದು ನಾನು ಹೇಗೆ ಬರೆಯಲಿ! ಒಮ್ಮೆ ಬಸ್ಸಿನಲ್ಲಿ ಯಾರೋ ಅಪರಿಚಿತ ಹೆಂಗಸು ಆ ಕಂಪನಿಯ ನೀಲಿ ಕೋಟು ತೊಟ್ಟು ಮೇಲಿನ ಕಂಬಿ ಹಿಡಿದು ನಿಂತಿದ್ದಳು. ಕೈ ಎತ್ತಿದರೂ ಕಂಕುಳಲ್ಲಿ ಬಟ್ಟೆ ಎಳೆದಿರಲಿಲ್ಲ. ಅದು ಅವಳು ಹೇಳಿ ಸರಿಮಾಡಿಸಿದ ಕಂಕುಳು. ತನ್ನ ನಿಲ್ದಾಣ ಬಿಟ್ಟು ಆ ಹೆಂಗಸು ಇಳಿಯುವವರೆಗೂ ಅವಳು ನೋಡುತ್ತಲೇ ನಿಂತಳು. ಆ ದಿನ ಕೆಲಸಕ್ಕೆ ತಡವಾಗಿ ಬೈಸಿಕೊಂಡಳು ಕೂಡ.

ಇದಕ್ಕೆ ಅವಳು ಕೊಟ್ಟ ಬೆಲೆ ಇಷ್ಟೇ: ಬದಲಾಗಬಾರದು. ದಪ್ಪವಾಗಬಾರದು, ತೆಳ್ಳಗೂ ಆಗಬಾರದು. ಮದುವೆ ಮನೆಗಳಲ್ಲಿ ಎಲೆಯ ಮುಂದೆ ಕೂತು ಬೆರಳಾಡಿಸಿ ಎದ್ದು ಬರುವಳು. ಅಪ್ಪ ತೀರಿಕೊಂಡಾಗಲೂ, ಅಳುತ್ತಾ ಅಳುತ್ತಾ, ಊಟ ಬಿಟ್ಟರೆ ಸೊಂಟ ಇಳಿದೀತೆಂದು ತುತ್ತು ನುಂಗಿದ್ದಳು. ವಾರಕ್ಕೊಮ್ಮೆ ಅವಳನ್ನು ಅಳೆದು ಆಫೀಸಿಗೆ ಹೇಳಬೇಕೆಂಬುದು ಕಂಪನಿಯ ನಿಯಮ. ಅಳತೆ ಅರ್ಧ ಇಂಚು ಆಚೀಚೆ ಆಯಿತೋ, ಮನೆಗೆ. ಎಷ್ಟು ವರ್ಷ ಅಳೆದರೂ ಅದೇ ಬರುತ್ತಿದ್ದುದರಿಂದ ಮಾಸ್ಟರು ಟೇಪು ಹಿಡಿಯುವುದನ್ನೇ ಬಿಟ್ಟಿದ್ದರು. ಅವಳ ಮುಖ ನೋಡಿ ಅದೇ ಹಳೆಯ ಅಂಕಿಗಳನ್ನು ಕೂಗಿಬಿಡುತ್ತಿದ್ದರು.

ಮದುವೆಯಾಯಿತು. ಗಂಡ ಫೋಟೋ ಸ್ಟುಡಿಯೋದಲ್ಲಿ ದೀಪ ಹಿಡಿಯುವವನು. ಕೆಲಸ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಮನೆ ನಡೆಯುತ್ತಿದ್ದದ್ದು ಅವಳ ಮೈಯಿಂದ. ಮಗುವಿನ ಮಾತು ಬಂದಾಗಲೆಲ್ಲ ‘ಮುಂದಿನ ವರ್ಷ ನೋಡೋಣ’ ಎನ್ನುವಳು. ಹೀಗೆ ಎಷ್ಟೋ ಮುಂದಿನ ವರ್ಷಗಳು ಹಿಂದೆ ಹೋದವು. ಡಾಕ್ಟರು ‘ಇನ್ನು ತಡ ಮಾಡಿದ್ರೆ ಆಮೇಲೆ ನನ್ನನ್ನ ಕೇಳಬೇಡಿ’ ಎಂದು ಖಡಾಖಂಡಿತವಾಗಿ ಹೇಳಿದ ಮೇಲೆ ಗಂಡ ಹೆಂಡತಿ ಹೆದರಿದರು. ಬಸಿರು ನಿಂತಿತು.

ನಿಂತದ್ದು ಮಾತ್ರ ಸರಿಯಾದ ಸಮಯದಲ್ಲಲ್ಲ. ಹೊಸ ಸೀಸನ್ನಿನ ಬಟ್ಟೆಗಳ ಕೆಲಸ ಆಗಷ್ಟೇ ಶುರುವಾಗಿತ್ತು. ಈಗ ಹೇಳಿದರೆ ಬೇರೆ ಹುಡುಗಿಯನ್ನು ತರುತ್ತಾರೆ, ಒಮ್ಮೆ ಬೇರೆಯವಳು ಬಂದರೆ ಮುಗಿಯಿತು. ಸೀಸನ್ ಮುಗಿಸಿ ಹೇಳಿದರೆ ರಜೆ ಕೊಡುತ್ತಾರೆ, ಮತ್ತೆ ಬರಬಹುದು. ‘ಸ್ವಲ್ಪ ದಿನ ಮುಚ್ಚಿಟ್ರಾಯ್ತು ಕಣ್ರೀ’ ಎಂದಳು ಗಂಡನಿಗೆ. ಅಗಲವಾದ ಎಲಾಸ್ಟಿಕ್ ಪಟ್ಟಿ ತಂದು ಎದೆಯ ಕೆಳಗಿನಿಂದ ಕಿಬ್ಬೊಟ್ಟೆಯವರೆಗೆ ಬಿಗಿದು ಸುತ್ತಿ, ಮೇಲೆ ಒಳ ಅಂಗಿ ತೊಟ್ಟು ಕಟ್ಟೆ ಹತ್ತತೊಡಗಿದಳು. ಉಸಿರು ಗಂಟಲಲ್ಲೇ ನಿಲ್ಲುತ್ತಿತ್ತು. ರಾತ್ರಿ ಪಟ್ಟಿ ಬಿಚ್ಚಿದಾಗ ಚರ್ಮದ ಮೇಲೆ ಕೆಂಪು ಬರೆ. ಒಳಗಿನ ಜೀವಕ್ಕೆ ‘ಸ್ವಲ್ಪ ಸಹಿಸ್ಕೋ ಕಂದ’ ಎನ್ನುತ್ತಿದ್ದಳು.

ಇಸ್ತ್ರಿಯ ಹಬೆಯ ವಾಸನೆಗೆ ಅವಳಿಗೆ ಹೊಟ್ಟೆ ತೊಳಸುತ್ತಿತ್ತು. ಒಂದು ದಿನ ಬಂದು ನೋಡಿದರೆ ಇಸ್ತ್ರಿ ಪೆಟ್ಟಿಗೆ ಪಕ್ಕದ ಕೋಣೆಗೆ ಹೋಗಿತ್ತು. ‘ಇಲ್ಲಿ ಪ್ಲಗ್ಗು ಕೆಟ್ಟಿದೆ’ ಎಂದರು ಮಾಸ್ಟರು. ಕಟ್ಟೆಯ ಪಕ್ಕಕ್ಕೆ ಒಂದು ಕುರ್ಚಿಯೂ ಬಂತು, ಅದು ತಮ್ಮ ಮಂಡಿನೋವಿಗೆ ಎಂದರು. ಆದರೆ ಅದರಲ್ಲಿ ಅವರು ಕೂತದ್ದನ್ನು ಅವಳು ನೋಡಲಿಲ್ಲ. ವಾರದ ಅಳತೆ ಎಂದಿನಂತೆ ಟೇಪಿಲ್ಲದೆ ನಡೆಯಿತು. ‘ಎಲ್ಲಿ ಹಿಡಿಯುತ್ತೆ ಹೇಳಮ್ಮ’ ಎಂದರೆ ಅವಳು ‘ಎಲ್ಲೂ ಇಲ್ಲ ಮಾಸ್ಟ್ರೇ, ಸರಿಯಿದೆ’ ಎನ್ನುತ್ತಿದ್ದಳು. ಅಷ್ಟು ವರ್ಷದ ಕೆಲಸದಲ್ಲಿ ಅವಳು ಹೇಳಿದ ಮೊದಲ ಸುಳ್ಳು ಅದು.

ಪ್ಯಾಟರ್ನುಗಳು ಫ್ಯಾಕ್ಟರಿಗೆ ಹೋಗಿ ಕೊನೆಯ ಸ್ಯಾಂಪಲ್ ಬಟ್ಟೆಗಳು ವಾಪಸ್ ಬಂದವು. ತೊಟ್ಟು ನೋಡಿದರೆ ಎಲ್ಲವೂ ಸೊಂಟದಲ್ಲಿ, ಪಕ್ಕೆಯಲ್ಲಿ ಬಿಗಿ. ಜಿಪ್ಪು ಹಲ್ಲು ಕಚ್ಚಿಕೊಂಡು ಮೇಲೇರಿತು. ತನ್ನ ಹೊಟ್ಟೆಯೇ ಪಟ್ಟಿ ಮೀರಿ ಬೆಳೆದಿದೆ, ಬಟ್ಟೆಯದೇನು ತಪ್ಪು ಎಂದುಕೊಂಡು ಅವಳು ‘ಸರಿಯಿದೆ’ ಎಂದಳು. ಮಾಸ್ಟರು ಆ ಜಿಪ್ಪನ್ನು ನೋಡಿದರು, ಅವಳ ಮುಖವನ್ನೂ ನೋಡಿದರು. ಬಟ್ಟೆಗೆ ಒಪ್ಪಿಗೆಯ ಚೀಟಿ ಸಿಕ್ಕಿಸಿದರು.

ಸೀಸನ್ ಮುಗಿಯಿತು. ಅವಳು ಮ್ಯಾನೇಜರ್ ಮೇಡಂ ಹತ್ತಿರ ವಿಷಯ ಹೇಳಿದಳು. ಮೇಡಂ ಅವಳ ಹೊಟ್ಟೆಯ ಕಡೆ ನೋಡಿ ‘ಗೊತ್ತೇ ಆಗಲ್ವಲ್ಲ!’ ಎಂದು ಮೆಚ್ಚಿಕೊಂಡು ರಜೆ ಕೊಟ್ಟರು.

ಎಂಟನೇ ತಿಂಗಳಲ್ಲಿ ಮನೆಯಲ್ಲಿ ಕಾಲು ನೀಡಿ ಕೂತಿದ್ದಾಗ ಕಂಪನಿಯಲ್ಲಿ ಸ್ಯಾಂಪಲ್ ಹೊಲಿಯುವ ಅಕ್ಕನ ಫೋನು ಬಂತು. ‘ವಿಷಯ ಗೊತ್ತಾಯ್ತೇನೇ? ಈ ಸಲದ ಬಟ್ಟೆ ಅಷ್ಟೂ ಅಂಗಡಿಗಳಿಂದ ವಾಪಸ್ ಬರ್ತಾ ಇದೆ. ಮಾಸ್ಟರ ಕೈ ತಪ್ಪಿದೆ. ಪಾಪ, ಮನೆಗೆ ಕಳಿಸಿಬಿಟ್ರು.’

ತನ್ನ ಹೊಟ್ಟೆಯೇ ಮಾಡಿದ ಅನಾಹುತ ಇದು ಎಂದುಕೊಂಡಳು ಅವಳು. ‘ಸಡಿಲ ಆಗಿದೆಯಾ ಅಕ್ಕ?’ ಎಂದು ಕೇಳಿದಳು.

‘ಸಡಿಲ ಆಗಿದ್ರೆ ಯಾರಾದ್ರೂ ಹೇಗೋ ಹಾಕ್ಕೋತಿದ್ರು. ಬಿಗಿ ಕಣೇ! ಯಾರಿಗೂ ಗುಂಡಿ ಬೀಳ್ತಾ ಇಲ್ಲ. ಮೇಡಂ ಕೂಗಾಡಿದ್ರೆ ಮಾಸ್ಟ್ರು ಏನೂ ವಾದ ಮಾಡಲಿಲ್ಲ. ವಯಸ್ಸಾಯ್ತು, ಕಣ್ಣು ಮಂಜಾಗಿದೆ ಅಂದ್ರಂತೆ.’

ಫೋನಿಟ್ಟ ಮೇಲೂ ಅವಳು ಅದೇ ಜಾಗದಲ್ಲಿ ಕೂತಿದ್ದಳು. ಬಿಗಿ ಹೇಗಾಯಿತು? ಉಬ್ಬಿದ ಮೈಗೆ ಹೊಂದಿಸಿ ಕತ್ತರಿಸಿದರೆ ಬಟ್ಟೆ ಸಡಿಲ ಬರಬೇಕು. ಬಿಗಿ ಬರಬೇಕಾದರೆ ಯಾರೋ ಬೇಕೆಂದೇ ಕಳೆದಿರಬೇಕು. ಆಗ ಅವಳಿಗೆ ಇಸ್ತ್ರಿ ಪೆಟ್ಟಿಗೆ ಹೊಳೆಯಿತು, ಕೆಟ್ಟಿರದ ಪ್ಲಗ್ಗು ಹೊಳೆಯಿತು, ಯಾರೂ ಕೂರದ ಕುರ್ಚಿ ಹೊಳೆಯಿತು. ನಾಲ್ಕು ಹೆಣ್ಣುಮಕ್ಕಳ ತಂದೆಗೆ ಬಸಿರು ಗೊತ್ತಾಗದೆ ಇರುತ್ತದೆಯೇ? ಅವರಿಗೆ ಮೊದಲಿನಿಂದಲೂ ಗೊತ್ತಿತ್ತು. ಅವಳ ಕೆಲಸ ಉಳಿಯಲೆಂದು ಟೇಪು ಮುಟ್ಟದೆ ಹಳೆಯ ಅಂಕಿ ಕೂಗಿದ್ದರು. ಈ ತಿಂಗಳಿಗೆ ಇಷ್ಟು ಊದಿರುತ್ತಾಳೆ ಎಂದು ಅಂದಾಜು ಮಾಡಿ, ಅಷ್ಟನ್ನು ಮೇಜಿನ ಮೇಲೆ ಕಾಗದದಲ್ಲಿ ಕಳೆದಿದ್ದರು. ಸ್ಯಾಂಪಲ್ಲಿನ ಜಿಪ್ಪು ಬಿಗಿಯಾದದ್ದು ಬಸಿರಿನಿಂದಲೇ ಎಂದುಕೊಂಡು ಒಪ್ಪಿಗೆ ಕೊಟ್ಟಿದ್ದರು. ಅವರ ಅಂದಾಜಿನಲ್ಲಿ ಎಳ್ಳಷ್ಟೂ ತಪ್ಪಿರಲಿಲ್ಲ. ಅವರಿಗೆ ಗೊತ್ತಿಲ್ಲದ್ದು ಒಂದೇ, ಆ ಪಟ್ಟಿ. ಅವಳು ಬಿಗಿದು ಕಟ್ಟಿ ಮೊದಲೇ ಕಳೆದಿದ್ದನ್ನು ಅವರು ಇನ್ನೊಮ್ಮೆ ಕಳೆದಿದ್ದರು.

ಈ ಲೆಕ್ಕ ಇಡೀ ಜಗತ್ತಿನಲ್ಲಿ ಗೊತ್ತಿದ್ದದ್ದು ಅವಳೊಬ್ಬಳಿಗೆ. ಅಲ್ಲಿ ಆ ಮುದುಕರು ತಮ್ಮ ಕೈಯೇ ಕೆಟ್ಟಿತೆಂದು ನಂಬಿ ತಲೆ ಮೇಲೆ ಕೈ ಹೊತ್ತು ಕೂತಿದ್ದರು. ಅವಳು ಹೋಗಿ ಒಂದು ಮಾತು ಹೇಳಿದ್ದರೆ ಸಾಕಿತ್ತು.

ಹೇಳಲಿಲ್ಲ. ‘ಈಗ ಹೋಗಿ ಹೇಳಿದ್ರೆ ಅವರಿಗೆ ಕೆಲಸ ವಾಪಸ್ ಬರುತ್ತಾ? ನಿನ್ನದೂ ಹೋಗುತ್ತೆ ಅಷ್ಟೇ’ ಎಂದ ಗಂಡ. ಅವಳೂ ಒಳಗೊಳಗೇ ಅದನ್ನೇ ಯೋಚಿಸಿದ್ದಳು, ಗಂಡನ ಬಾಯಲ್ಲಿ ಬಂದದ್ದು ಅನುಕೂಲವಾಯಿತು. ನಾನು ಅವಳನ್ನು ಬೈಯಲಾರೆ. ಆದರೆ ಅವಳು ಮಾಡಿದ್ದು ಸರಿಯೆಂದೂ ಹೇಳಲಾರೆ.

ಹೆಣ್ಣುಮಗು ಹುಟ್ಟಿತು, ಕೈಕಾಲು ಬಡಿಯುವ ಗಟ್ಟಿಮುಟ್ಟಾದ ಮಗು. ರಜೆ ಮುಗಿಯುವ ಮೊದಲೇ ಅವಳು ಮೈ ಇಳಿಸಲು ಹಟ ಹಿಡಿದು ನಿಂತಳು. ಸೊಂಟ ಇಳಿಯಿತು, ಹೊಟ್ಟೆ ಇಳಿಯಿತು. ಪಕ್ಕೆಲುಬುಗಳು ಮಾತ್ರ ಮಗುವಿಗೆ ಜಾಗ ಬಿಟ್ಟು ಅಗಲವಾದವು, ಮತ್ತೆ ಒಳಗೆ ಸರಿಯಲಿಲ್ಲ. ಮೂಳೆಯನ್ನು ಉಪವಾಸ ಕೆಡವಿ ಇಳಿಸಲು ಆಗುತ್ತದೆಯೇ? ಕೆಲಸಕ್ಕೆ ಮರಳಿದ ದಿನ ಅವಳನ್ನು ಕಟ್ಟೆ ಹತ್ತಿಸಿ ಹೊಸ ಮಾಸ್ಟರು, ಇನ್ನೂ ಎಳೆಯ ಹುಡುಗ, ಟೇಪು ಹಿಡಿದು ಅಳೆದ. ಮೇಡಂ ಬೇಸರದಿಂದಲೇ ಹೇಳಿದರು: ‘ನಿನ್ನ ಮೈ ಈಗ ನಮ್ಮ ಮೀಡಿಯಂ ಅಲ್ಲಮ್ಮ.’ ಬಾಗಿಲ ಹತ್ತಿರ ಮೈಬಣ್ಣದ ಒಳ ಅಂಗಿ ತೊಟ್ಟ ಹೊಸ ಹುಡುಗಿಯೊಬ್ಬಳು ತನ್ನ ಸರದಿಗೆ ಕಾಯುತ್ತಿದ್ದಳು. ‘ಮೀಡಿಯಂ, ಬಾರಮ್ಮ’ ಎಂದು ಯಾರೋ ಕರೆದರು. ಅಭ್ಯಾಸಬಲದಿಂದ ಇವಳೂ ತಿರುಗಿ ನೋಡಿದಳು.

ಇನ್ನು ಕಳೆದುಕೊಳ್ಳುವುದು ಏನೂ ಉಳಿಯದ ಮೇಲೆ ಅವಳು ಮಗುವನ್ನೂ ಎತ್ತಿಕೊಂಡು ಮಾಸ್ಟರ ಮನೆಗೆ ಹೊರಟಳು. ಇಷ್ಟು ತಡವಾಗಿ ಹೋಗುತ್ತಿರುವುದು ಯಾಕೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ದಾರಿಯುದ್ದಕ್ಕೂ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಬಾಗಿಲು ತೆಗೆದವರು ಮಾಸ್ಟರ ಹೆಂಡತಿ. ಒಳಗೆ ಸಣ್ಣ ನಡುಮನೆಯ ನೆಲದ ತುಂಬ ಹಳೆಯ ಪೇಪರುಗಳು. ಪ್ರತಿಯೊಂದರ ಮೇಲೂ ಪೆನ್ಸಿಲಿನಲ್ಲಿ ಒಂದೇ ಅಂಗಿಯ ಪ್ಯಾಟರ್ನ್, ಅಳಿಸಿ ಮತ್ತೆ ಮತ್ತೆ ಎಳೆದ ಗೆರೆಗಳು. ನಡುವೆ ಮಾಸ್ಟರು ಮಂಡಿಯೂರಿ ಕೂತಿದ್ದರು. ‘ದಿನಾ ಇದೇ ನೋಡಮ್ಮ’ ಎಂದರು ಹೆಂಡತಿ. ‘ಎಲ್ಲಿ ತಪ್ಪಿದೆ, ಎಲ್ಲಿ ತಪ್ಪಿದೆ ಅಂತ. ಕಣ್ಣು ಮಂಜಾದ ಮೇಲೆ ಎಲ್ಲಿ ಸಿಗುತ್ತೆ? ಮಗಳ ಮನೇಲಿ ಹೋಗಿ ಇರೋಣ ಅಂದ್ರೆ ಕೇಳಲ್ಲ.’ ಅವಳ ಕೈಯಿಂದ ಮಗುವನ್ನು ಎತ್ತಿಕೊಂಡು ಮುದ್ದಾಡುತ್ತಾ ಅಡುಗೆಮನೆಗೆ ಹೋದರು.

ಮಾಸ್ಟರು ತಲೆ ಎತ್ತಿ ನಕ್ಕರು. ‘ಮಗು ಚೆನ್ನಾಗಿದೆಯಲ್ಲ? ಅಷ್ಟೇ ಸಾಕು.’

ಅವಳು ಅವರ ಎದುರಿಗೆ ಪೇಪರುಗಳ ಮೇಲೆಯೇ ಕುಸಿದು ಕೂತಳು. ‘ಮಾಸ್ಟ್ರೇ, ನಿಮ್ಮ ಅಂದಾಜು ತಪ್ಪಿಲ್ಲ. ನಾನು ಪಟ್ಟಿ ಕಟ್ಟಿಕೊಳ್ತಿದ್ದೆ.’

‘ಏನು ಪಟ್ಟಿ?’

‘ಹೊಟ್ಟೆಗೆ. ಎದೆಯಿಂದ ಕೆಳಗೆ, ಬಿಗಿಯಾಗಿ. ನಿಮಗೆ ಗೊತ್ತಾಗಬಾರದು ಅಂತ.’

ಮಾಸ್ಟರ ಕೈ ಪೆನ್ಸಿಲಿನ ಸಮೇತ ಗಾಳಿಯಲ್ಲೇ ನಿಂತಿತು. ಎದುರಿಗಿದ್ದ ಗೆರೆಗಳನ್ನು ನೋಡಿದರು, ತುಟಿಯಲ್ಲೇ ಏನೋ ಕೂಡಿದರು, ಕಳೆದರು. ಲೆಕ್ಕ ತಾಳೆಯಾದದ್ದು ಅವರ ಮುಖದಲ್ಲೇ ಕಂಡಿತು. ‘ನೀನೂ ಕಳೆದೆ, ನಾನೂ ಕಳೆದೆ’ ಎಂದರು ಮೆಲ್ಲಗೆ. ಆಮೇಲೆ ಇದ್ದಕ್ಕಿದ್ದಂತೆ, ‘ಉಸಿರು ಕಟ್ಟಲಿಲ್ವೇನೇ ಹುಡುಗಿ? ಅಷ್ಟು ಹೊತ್ತು ನಿಲ್ಲಿಸಿದ್ನಲ್ಲ ನಾನು!’ ಎಂದರು. ಆ ಮಾತಿಗೆ ಅವಳು ತಡೆಯಲಾರದೆ ಅತ್ತುಬಿಟ್ಟಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

‘ನಾಳೆನೇ ಹೋಗಿ ಮೇಡಂಗೆ ಎಲ್ಲ ಹೇಳ್ತೀನಿ ಮಾಸ್ಟ್ರೇ. ನಿಮ್ಮ ಕೈ ಕೆಟ್ಟಿಲ್ಲ ಅಂತ ಹೇಳ್ತೀನಿ.’

‘ಬೇಡ.’ ಮಾಸ್ಟರು ಅಡುಗೆಮನೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. ‘ಈಗ ನಾನು ಕೈ ಕೆಟ್ಟ ಮುದುಕ. ಜನ ಅಯ್ಯೋ ಪಾಪ ಅಂತಾರೆ. ನೀನು ಹೇಳಿದ್ರೆ ನಾನು ಗೊತ್ತಿದ್ದೂ ಸುಳ್ಳು ಅಳತೆ ಕೂಗಿದವನು ಆಗ್ತೀನಿ. ಇಷ್ಟು ವರ್ಷ ಕತ್ತರಿಸಿದ್ದೆಲ್ಲ ಸುಳ್ಳು ಅಂತಾರೆ. ಅಲ್ಲಿ ಹೇಳೋ ಹಾಗಿಲ್ಲ. ಇಲ್ಲೂ ಹೇಳೋ ಹಾಗಿಲ್ಲ. ಬೇರೆ ಮನೆ ಹುಡುಗಿಗೋಸ್ಕರ ನಮ್ಮ ಅನ್ನಕ್ಕೆ ನಾನೇ ಕಲ್ಲು ಹಾಕ್ಕೊಂಡೆ ಅಂತ ಇವಳಿಗೆ ಯಾವ ಬಾಯಲ್ಲಿ ಹೇಳಲಿ?’

‘ಒಂದು ಸಲ ಟೇಪು ಹಿಡಿದಿದ್ರೆ ಆಗ್ತಿತ್ತಲ್ಲ ಮಾಸ್ಟ್ರೇ.’

‘ಹಿಡಿದಿದ್ರೆ ಹೇಳಬೇಕಾಗ್ತಿತ್ತಲ್ಲಮ್ಮ. ಹೆದರಿಕೆ ಆಯ್ತು.’ ಅವರು ನೆಲದ ಮೇಲಿನ ಪೇಪರುಗಳನ್ನು ಒಂದೊಂದಾಗಿ ಎತ್ತಿ ಒಟ್ಟು ಮಾಡತೊಡಗಿದರು. ಕೈ ಸ್ವಲ್ಪವೂ ನಡುಗುತ್ತಿರಲಿಲ್ಲ. ‘ಕೈ ಕೆಟ್ಟಿಲ್ಲ’ ಎಂದರು ತಮಗೆ ತಾವೇ. ಕಣ್ಣಲ್ಲಿ ನೀರು ತುಂಬಿಕೊಂಡಿತ್ತು.

ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಹೆಂಡತಿ ಒಳಗಿನಿಂದ ಬಂದರು. ಇಬ್ಬರನ್ನೂ ನೋಡಿ ಬಾಗಿಲಲ್ಲೇ ನಿಂತರು. ‘ಏನಿದು, ಇಬ್ಬರೂ ಅಳ್ತಾ ಕೂತಿದ್ದೀರಿ? ಏನಂತೆ?’

ಮಾಸ್ಟರು ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡರು.

‘ಏನಿಲ್ಲ ಕಣೇ. ಮಗು ತೋರಿಸಿ ಹೋಗೋಣ ಅಂತ ಬಂದಿದ್ದಾಳೆ.’